ಕಾನೂನು ಮೇಷ್ಟ್ರು, ಶಾಸಕ ಅಂಬೇಡ್ಕರ್: 20 ನಿಮಿಷದ ಸೆಮಿನಾರಿಗೆ ಯಾವುದನ್ನು ಹಿಡೀಲಿ?

ದುರ್ಗದ_ಬತೇರಿ:
ದಾವಣಗೆರೆ, ಎಲ್‌ಎಲ್‌ಬಿ ಕೊನೇ ವರ್ಷ. ವಿಷಯ ‘ಕಾನೂನು ಪ್ರಾಧ್ಯಾಪಕ ಶಾಸನಸಭೆಗೆ ಬಂದಾಗ: ಅಂಬೇಡ್ಕರ್’. ಸಂವಿಧಾನದ ಕರಡು ಸಮಿತಿಯನ್ನು ಮುಟ್ಟಬೇಡಿ ಅಂದಿದ್ದಾರೆ ಮೇಡಂ. 1927ರಿಂದ 1951ರವರೆಗಿನದನ್ನೆಲ್ಲ ತುಂಬಿದರೆ ಬರೀ ಇಸವಿ ಪಟ್ಟಿ ಆಗ್ತದೆ. ನಮ್ಮ ಜಿಲ್ಲೆಗೆ ತಾಗುವಂಥದ್ದು ಏನಾದರೂ ಇದೆಯಾ?

ತುಂಗಭದ್ರೆ_ದಂಡೆ:
ಮೊದಲು ಎಲ್ಲರೂ ಎಡವುವ ಜಾಗಗಳು. 1927ರಲ್ಲಿ ಅವರು ಮುಂಬೈ ವಿಧಾನ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ, ಚುನಾವಣೆಯಿಂದಲ್ಲ. ಗೆದ್ದು ಬಂದದ್ದು 1937ರಲ್ಲಿ, ಮುಂಬೈ ವಿಧಾನಸಭೆಗೆ, ಸ್ವತಂತ್ರ ಕಾರ್ಮಿಕ ಪಕ್ಷದಿಂದ. ಮುಂಬೈ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪಾಠ ಶುರುವಾದದ್ದು 1928ರಲ್ಲಿ, ಪ್ರಿನ್ಸಿಪಾಲರಾದದ್ದು 1935ರಲ್ಲಿ. ಅಂದರೆ ‘ಮೇಷ್ಟ್ರುಗಿರಿ ಬಿಟ್ಟು ರಾಜಕೀಯಕ್ಕೆ ಬಂದರು’ ಅನ್ನೋ ವಾಕ್ಯವೇ ತಪ್ಪು. ಎರಡೂ ಜೊತೆಜೊತೆಗೇ ನಡೆದವು.

ಇನ್ನೊಂದು: ಸಂವಿಧಾನ ಸಭೆಗೆ ಅವರು ಮೊದಲು ಹೋದದ್ದು ಬಂಗಾಳದಿಂದ. ದೇಶ ವಿಭಜನೆಯಲ್ಲಿ ಆ ಸ್ಥಾನ ಹೋಯಿತು, ಆಮೇಲೆ ಮುಂಬೈ.

ಚಿತ್ರದುರ್ಗ, ದಾವಣಗೆರೆ ಆಗ ಮೈಸೂರು ಸಂಸ್ಥಾನ. ಮುಂಬೈ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಹರಿಹರದ ಸೇತುವೆ ದಾಟಿ ಮುಂಬೈ ಪ್ರಾಂತ್ಯದಲ್ಲಿದ್ದ ರಾಣೆಬೆನ್ನೂರಿಗೆ ಕಾಲಿಟ್ಟರೆ ಅನ್ವಯ. ಹೊಳೆಯ ಆಚೆ ಒಂದು ಕಾನೂನು, ಈಚೆ ಒಂದು. ಮಾತು ಅಲ್ಲಿಂದಲೇ ಶುರು ಮಾಡಿ.

ಹಳೇ_ಪಹಣಿ:
ನನ್ನ ಓಟು ಅಂಬೇಡ್ಕರ್ 1928ರಲ್ಲಿ ಮಂಡಿಸಿದ ವತನ್ ಮಸೂದೆಗೆ. ವತನ್ ಅಂದರೆ ವಂಶಪಾರಂಪರ್ಯವಾಗಿ ಬರುವ ಊರ ಚಾಕರಿ, ಅದಕ್ಕೆ ಸಿಗುವ ಜಮೀನು. ಬಾಕಿಯವು ಎಲ್ಲರ ಭಾಷಣದಲ್ಲೂ ಬರ್ತವೆ, ಇದು ಬರಲ್ಲ.

1874ರ ಮುಂಬೈ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ಅದು ತಿದ್ದುಪಡಿ. ಮಹಾರರಿಗೆ (ಅಂಬೇಡ್ಕರ್ ಅವರದೇ ದಲಿತ ಸಮುದಾಯ) ಊರ ಚಾಕರಿಗೆ ಪ್ರತಿಯಾಗಿ ಒಂದು ತುಂಡು ಇನಾಂ ಜಮೀನು, ಜೊತೆಗೆ ರೈತರು ಸುಗ್ಗಿಯಲ್ಲಿ ಕೊಡುವ ಬಲುತೆ ಅನ್ನೋ ಕಾಳು. ಕೆಲಸ ಏನು, ಎಷ್ಟು ಹೊತ್ತು ಅನ್ನೋದಕ್ಕೆ ಲೆಕ್ಕವಿಲ್ಲ, ಮನೆಮಂದಿಯೆಲ್ಲ ಬಂಧಿ. ಮಸೂದೆ ಕೇಳಿದ್ದು: ಚಾಕರಿ ಬೇಡ ಅಂದವರಿಗೆ ಕಂದಾಯ ಕಟ್ಟಿ ಜಮೀನು ಉಳಿಸಿಕೊಳ್ಳುವ ದಾರಿ, ಬಲುತೆಯನ್ನು ಹಣಕ್ಕೆ ಬದಲಿಸುವ ದಾರಿ, ಕೆಲಸದ ಸ್ಪಷ್ಟ ಪಟ್ಟಿ. ಸೆಲೆಕ್ಟ್ ಕಮಿಟಿಗೆ (ಮಸೂದೆ ಪರಿಶೀಲಿಸುವ ಸದಸ್ಯರ ಸಮಿತಿ) ಹೋಗಿ ಬಂದ ಮೇಲೆ 1929ರಲ್ಲಿ ಅವರೇ ಹಿಂತೆಗೆದುಕೊಂಡರು. ಆ ವತನ್ ರದ್ದಾಗಿದ್ದು 1958ರ ಮುಂಬೈ ಕಾಯ್ದೆಯಿಂದ, ಅವರು ತೀರಿಕೊಂಡು 2 ವರ್ಷಕ್ಕೆ.

ನಮ್ಮಲ್ಲಿ ಇದೇ ವ್ಯವಸ್ಥೆ ತೋಟಿ, ತಳವಾರ, ನೀರಗಂಟಿ ಅನ್ನೋ ಹೆಸರಲ್ಲಿತ್ತು. ರದ್ದು ಮಾಡಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ಹಳೇ ದಾಖಲೆ ತೆಗೆದರೆ ‘ತೋಟಿ ಇನಾಂತಿ’ ಅಂತ ಕಾಣುತ್ತದಲ್ಲ, ಅದೇ. ಕಲಂ 5ರ ಮರುಮಂಜೂರಾತಿ (ರದ್ದಾದ ಹುದ್ದೆಯ ಜಮೀನನ್ನು ಅದನ್ನು ಹೊಂದಿದ್ದವರಿಗೇ ಮತ್ತೆ ಕೊಡುವುದು) ತಕರಾರುಗಳು ಇನ್ನೂ ನಡೀತಾ ಇವೆ. ಮರುಮಂಜೂರಾತಿಯ ಆದೇಶ ಒಂದನ್ನು ಮಸೂದೆಯ ಪಕ್ಕ ಇಟ್ಟು ಓದಿ. ಸೆಮಿನಾರ್ ಅರ್ಧ ಮುಗೀತು.

ಪಾಲು_ಪತ್ರ:
ವತನ್ ಒಪ್ಪಿದೆ. ಆದರೆ ಹಿಂದೂ ಕೋಡ್ ಬಿಲ್ (ಹಿಂದೂಗಳ ಮದುವೆ, ಆಸ್ತಿ ಕಾನೂನನ್ನು ಒಟ್ಟುಗೂಡಿಸಿ ಸುಧಾರಿಸುವ ಮಸೂದೆ) ಕೈಬಿಡಬೇಡಿ, ಅದಕ್ಕೂ ಮೈಸೂರಿನ ನಂಟಿದೆ. 1933ರ ಮೈಸೂರು ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆ ಪಾಲಿನ ಹೊತ್ತಿಗೆ ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ ಕೊಟ್ಟಿತ್ತು. ಹಿಂದೂ ಕೋಡ್ ಅನ್ನು ಮೊದಲು ರೂಪಿಸಿದ ಬಿ.ಎನ್. ರಾವ್ ಸಮಿತಿಯ ಕರಡು ಮಗಳಿಗೆ ಮಗನ ಪಾಲಿನ ಅರ್ಧ ಅಂದಿತು. ಅಂಬೇಡ್ಕರ್ ಇದ್ದ ಸೆಲೆಕ್ಟ್ ಕಮಿಟಿ ಸಮಪಾಲು ಮಾಡಿತು. ಕಾಲು, ಅರ್ಧ, ಪೂರ್ತಿ: ಬೋರ್ಡಿನ ಮೇಲೆ ಇಷ್ಟೇ ಬರೆದರೂ ಸಾಕು.

ಆಮೇಲೆ ಕೆಟ್ಟದ್ದೆಲ್ಲಿ? ಅವರ ಕರಡು ಅವಿಭಕ್ತ ಕುಟುಂಬದಲ್ಲಿ ಗಂಡುಮಕ್ಕಳಿಗೆ ಮಾತ್ರ ಇದ್ದ ಜನ್ಮಸಿದ್ಧ ಹಕ್ಕನ್ನೇ ಕಿತ್ತುಹಾಕುತ್ತಿತ್ತು. 1951ರಲ್ಲಿ 4 ಕಲಮು ಅಂಗೀಕಾರವಾಗುವಷ್ಟರಲ್ಲಿ ಮಸೂದೆ ನಿಂತುಹೋಯಿತು. 1956ರ ಉತ್ತರಾಧಿಕಾರ ಕಾಯ್ದೆ ಆ ಹಕ್ಕನ್ನು ಉಳಿಸಿಕೊಂಡಿತು. ಕರ್ನಾಟಕ 1994ರ ತಿದ್ದುಪಡಿಯಲ್ಲಿ, ಕೇಂದ್ರ 2005ರಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟು ತೇಪೆ ಹಾಕಿದ್ದು ಅದೇ ತೂತಿಗೆ.

ದುರ್ಗದ_ಬತೇರಿ:
ಹಿಂದೂ ಕೋಡ್‌ಗಾಗಿಯೇ ಕೇಂದ್ರ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು ಅಂತ ಹೇಳಬಹುದಾ ಸರ್?

ಪಾಲು_ಪತ್ರ:
‘ಗಾಗಿಯೇ’ ಬೇಡ. ರಾಜೀನಾಮೆಯ ಹೇಳಿಕೆಯಲ್ಲಿ ಪರಿಶಿಷ್ಟರ ಬಗೆಗಿನ ಅಸಡ್ಡೆ, ವಿದೇಶಾಂಗ ನೀತಿ, ಯೋಜನಾ ಖಾತೆ ಸಿಗದಿದ್ದದ್ದು ಎಲ್ಲವೂ ಇವೆ. ಕೊನೆಯ ಪೆಟ್ಟು ಹಿಂದೂ ಕೋಡ್. 1951ರ ಅಕ್ಟೋಬರಿನಲ್ಲಿ ಸದನದಲ್ಲಿ ಅದನ್ನು ಓದಲು ನಿಂತರೆ, ಪ್ರತಿ ಮೊದಲೇ ಕೊಡಬೇಕು, ಸಂಜೆ ಓದಿ ಅಂದರು ಡೆಪ್ಯುಟಿ ಸ್ಪೀಕರ್. ಇದು ಸೆನ್ಸಾರ್ ಅಂತ ಅವರು ಎದ್ದು ಹೊರಗೆ ಬಂದು ಪತ್ರಿಕೆಯವರಿಗೆ ಕೊಟ್ಟರು.

ಹಳೇ_ಪಹಣಿ:
ಮೂಲಕ್ಕೆ ಅವರ ಬರಹ–ಭಾಷಣಗಳ ಇಂಗ್ಲಿಷ್ ಸಂಪುಟ 2 (ಮುಂಬೈ ಶಾಸನಸಭೆ), ಸಂಪುಟ 14 (ಹಿಂದೂ ಕೋಡ್). ಕನ್ನಡ ಅನುವಾದವೂ ಇದೆ, ಆದರೆ ಕಲಮುಗಳನ್ನು ಉಲ್ಲೇಖಿಸುವಾಗ ಇಂಗ್ಲಿಷ್ ಪಠ್ಯದ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ. ವತನ್‌ಗೆ 12 ನಿಮಿಷ, ಪಾಲಿನ ಲೆಕ್ಕಕ್ಕೆ 5, ಉಳಿದದ್ದು ಪ್ರಶ್ನೆಗಳಿಗೆ.