ಊರಿನ ಸರಾಸರಿ ಒಂದೇ ಅಂಕ ಏರಿದರೆ?

ಪ್ರಶ್ನೆ (ಸಮಾಜಕಾರ್ಯ ವಿದ್ಯಾರ್ಥಿನಿ, ಉಡುಪಿ): ಡಾಕ್ಟ್ರೇ, ಮಲ್ಪೆ ಬದಿಯ ಮನೆಗಳಲ್ಲಿ ಎರಡು ಸುತ್ತು ಪಿಎಚ್‌ಕ್ಯೂ-9 (ಖಿನ್ನತೆಯ ಲಕ್ಷಣ ಅಳೆಯುವ ಪ್ರಶ್ನಾವಳಿ) ತುಂಬಿಸ್ಲಿಕ್ಕೆ ಉಂಟು. ಸರಾಸರಿ 5 ಇದ್ದದ್ದು 6 ಆದರೆ ಅದನ್ನು ಲೆಕ್ಕಕ್ಕೆ ಹಿಡೀಬೇಕಾ? ಖಿನ್ನತೆ ಇರುವವರನ್ನು ಮಾತ್ರ ಎಣಿಸಿದರೆ ಸಾಲದಾ?

ಉತ್ತರ (ಮನೋವೈದ್ಯರು, ಮಂಗಳೂರು): ಖಂಡಿತ ಹಿಡೀಬೇಕು. 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. 10 ಅಥವಾ ಹೆಚ್ಚು ಬಂದವರನ್ನು ತಪಾಸಣೆಗೆ ಕರೀತೇವೆ. ಅಂಕವೇ ರೋಗನಿರ್ಣಯ ಅಲ್ಲ. ಅಂಕಗಳು ಗಂಟೆಯ ಆಕಾರದಲ್ಲಿ (ನಡುವೆ ಹೆಚ್ಚು ಜನ, ಎರಡೂ ತುದಿಗೆ ಕಡಿಮೆ) ಹರಡಿವೆ, ಪ್ರಮಾಣ ವಿಚಲನೆ, ಅಂದರೆ ಸರಾಸರಿಯಿಂದ ಅಂಕಗಳು ಎಷ್ಟು ಚದುರಿವೆ ಎಂಬ ಅಳತೆ, 4 ಅಂತ ಇಟ್ಟುಕೊಳ್ಳಿ. ಸರಾಸರಿ 5 ಇದ್ದಾಗ ಈ 10ರ ಗೆರೆ ದಾಟುವವರು ನೂರಕ್ಕೆ ಸುಮಾರು 11, 6 ಆದಾಗ 16. ಒಬ್ಬೊಬ್ಬರಿಗೆ ಏರಿದ್ದು ಒಂದಂಕ, ಗೆರೆಯಾಚೆ ಮಾತ್ರ ಒಂದೂವರೆ ಪಟ್ಟು ಜನ! ನಿಜದ ಅಂಕಗಳು ಸೊನ್ನೆಯ ಹತ್ತಿರ ರಾಶಿ ಬಿದ್ದಿರ್ತವೆ, ಹಾಗಾಗಿ ಈ ಸಂಖ್ಯೆಗಳನ್ನೇ ವರದಿಗೆ ಹಾಕ್ಬೇಡಿ.

ಸರಾಸರಿ ತುಸು ಜರುಗಿದರೂ ಗೆರೆಯಾಚೆ ಜನ ಹೆಚ್ತಾರೆ ಎಂಬುದನ್ನೇ ಬ್ರಿಟನ್ನಿನ ಜೆಫ್ರಿ ರೋಸ್ ಎಂಬ ರೋಗವ್ಯಾಪ್ತಿ ತಜ್ಞರು ರಕ್ತದೊತ್ತಡದ ಉದಾಹರಣೆ ಕೊಟ್ಟು 1985ರಲ್ಲಿ ಬರೆದದ್ದು. 1993ರಲ್ಲಿ ಅವರೂ ಸಹೋದ್ಯೋಗಿಗಳೂ ಅಲ್ಲಿನ ಆರೋಗ್ಯ ಸಮೀಕ್ಷೆಯ ಮನೋಲಕ್ಷಣಗಳಲ್ಲೂ ಅದನ್ನೇ ಕಂಡರು: ಗೆರೆ ದಾಟಿದವರನ್ನು ಬಿಟ್ಟು ತೆಗೆದ ಸರಾಸರಿಗೂ ದಾಟಿದವರ ಪ್ರಮಾಣಕ್ಕೂ ನಂಟಿತ್ತು. ನೀವೂ 10ರ ಕೆಳಗಿನವರ ಸರಾಸರಿ ಬೇರೆಯೇ ತೆಗೀರಿ. ಅದೂ ಏರಿದ್ದರೆ ಊರಿಗೆ ಊರೇ ಸೊರಗಿದೆ. ಏರದಿದ್ದರೆ ಕಷ್ಟ ಕೆಲವು ಮನೆಗಳದ್ದು.

ಪ್ರಶ್ನೆ: ಒಂದು ಸುತ್ತು ಜುಲೈ, ಇನ್ನೊಂದು ಡಿಸೆಂಬರ್ ಆದೀತಾ? ತುಳು ಮಾತ್ರ ಬರುವ ಅಜ್ಜಿಯಂದಿರಿಗೆ ಬಾಯಲ್ಲೇ ಕೇಳ್ಬಹುದಾ?

ಉತ್ತರ: ತಿಂಗಳು ಬದಲಾಯಿಸ್ಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಮೀನುಗಾರರ ಮನೆಯಲ್ಲಿ ಸಂಪಾದನೆ ಇಲ್ಲ. ಈ ಪಟ್ಟಿ ಕೇಳುವುದು ಕಳೆದ 2 ವಾರದ್ದು ಮಾತ್ರ. ಡಿಸೆಂಬರಿನಲ್ಲಿ ಅಂಕ ಇಳಿದರೆ ಊರು ಸುಧಾರಿಸಿತೋ, ಬೋಟು ಕಡಲಿಗೆ ಇಳಿಯಿತೋ, ಹೇಳ್ಲಿಕ್ಕಾಗುದಿಲ್ಲ.

ಬಾಯಲ್ಲಿ ಕೇಳಿ, ಆದರೆ ತುಳು ವಾಕ್ಯ ಮೊದಲೇ ಬರೆದಿಟ್ಟುಕೊಳ್ಳಿ. ಎರಡನೇ ಪ್ರಶ್ನೆ ಮನಸ್ಸು ಕುಗ್ಗಿದ್ದು, ಹತಾಶೆ ಇವುಗಳದ್ದು. ಅದಕ್ಕೆ ಒಬ್ಬರು ಬರೀ 'ಬೇಜಾರ್ ಆಪುಂಡಾ?' (ಬೇಜಾರಾಗ್ತದಾ?) ಅಂತ ಕೇಳಿದರೆ ಸಣ್ಣ ಮುನಿಸಿಗೂ 'ಅಂದ್' (ಹೌದು) ಅನ್ನುವವರಿದ್ದಾರೆ. ಹತಾಶೆಯ ಮಾತು ಅದರಲ್ಲಿ ಬರಲೇ ಇಲ್ಲ. ಅಲ್ಲೇ ಸರಾಸರಿ ಏರಿಬಿಡ್ತದೆ. ಬರೆದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಕನ್ನಡಕ್ಕೆ ತಿರುಗಿಸಿ ತಾಳೆ ನೋಡಿ. ಬಿಟ್ಟ ಉತ್ತರಕ್ಕೆ 0 ಹಾಕ್ಬೇಡಿ.

ಒಂಬತ್ತನೆಯದು ಸಾಯುವ ಯೋಚನೆಯದ್ದು. ಅದರಲ್ಲಿ 1 ಬಂದರೂ ಒಟ್ಟು ಅಂಕ ಎಷ್ಟೆಂದು ನೋಡ್ತಾ ಕೂರ್ಬೇಡಿ. ಅಲ್ಲೇ ಕೂತು ಮಾತಾಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕೊಡಿ, ಮಾರ್ಗದರ್ಶಕರಿಗೆ ಆಗಲೇ ತಿಳಿಸಿ. ಹಾಳೆ ಚೀಲಕ್ಕೆ ಹಾಕಿ ಮುಂದಿನ ಮನೆಗೆ ಹೋಗ್ಬೇಡಿ.