ಯಾವ ಕಂಪನಿಯ ಕೊಡುಗೆ ಎಷ್ಟು: ಕಮಿಟ್ ಎಣಿಸಿದರೆ ಸಾಕೇ?

ಮುಠಾದಂಡೆ (ಪುಣೆ)

ನಮಸ್ಕಾರ. ಹಿಂಜವಡಿಯ ನಮ್ಮ ಆಫೀಸಿನಲ್ಲಿ ಓಪನ್ ಸೋರ್ಸ್ ಬಳಕೆಯ ನೀತಿ ಬರೆಯುತ್ತಿದ್ದೇವೆ. ನಾವು ನೆಚ್ಚಿಕೊಂಡಿರುವ ಪ್ರಾಜೆಕ್ಟ್‌ಗಳ ಹಿಂದೆ ಯಾವ ದೊಡ್ಡ ಕಂಪನಿ ಎಷ್ಟರ ಮಟ್ಟಿಗೆ ನಿಂತಿದೆ ಎಂಬ ಕೋಷ್ಟಕ ಬೇಕಂತೆ. ಸದ್ಯ ಪಟ್ಟಿಯಲ್ಲಿರುವುದು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಕುಬರ್ನೆಟಿಸ್ (ಕಂಟೇನರ್ ನಿರ್ವಹಣೆ), ಟೆನ್ಸರ್‌ಫ್ಲೋ (ಮಷೀನ್ ಲರ್ನಿಂಗ್), ರೆಡಿಸ್ (ಡೇಟಾಬೇಸ್). ಗಿಟ್ ಲಾಗ್‌ನಿಂದ (ಕಮಿಟ್‌ಗಳ, ಅಂದರೆ ಕೋಡ್ ಬದಲಾವಣೆಗಳ, ದಾಖಲೆ) ಈಮೇಲ್ ಡೊಮೈನ್ ತೆಗೆದು ಎಣಿಸಿದರೆ ಕರ್ನಲ್‌ನಲ್ಲಿ ಸಾಲುಗಳ ಲೆಕ್ಕಕ್ಕೆ ಚಿಪ್ ಕಂಪನಿ ಎಎಂಡಿ ಎಲ್ಲೋ ಮೇಲೆ ಹೋಗುತ್ತದೆ, ಕಮಿಟ್ ಲೆಕ್ಕಕ್ಕೆ ಚಿತ್ರವೇ ಬೇರೆ. ಜಿಮೇಲ್ ಅಂತೂ ತಾನೂ ಒಂದು ದೊಡ್ಡ ಕೊಡುಗೆದಾರ ಕಂಪನಿ ಅನ್ನೋ ಹಾಗೆ ಪಟ್ಟಿಯಲ್ಲಿ ಕೂತಿದೆ. ಯಾವುದನ್ನು ನಂಬುವುದು?

ಬಾಶ್‌ಬಸವ

ಮೊದಲು ಸಾಲುಗಳ ಲೆಕ್ಕ ಬಿಡಿ. ಎಎಂಡಿ ಗ್ರಾಫಿಕ್ಸ್ ಡ್ರೈವರ್‌ನ ಇನ್‌ಕ್ಲೂಡ್ ಫೋಲ್ಡರ್‌ನಲ್ಲಿ ಚಿಪ್‌ನ ರಿಜಿಸ್ಟರ್ ವಿವರಗಳ ಹೆಡರ್ ಫೈಲ್‌ಗಳಿವೆ. ಅವನ್ನು ಯಂತ್ರವೇ ಬರೆದದ್ದು, ಲಕ್ಷಗಟ್ಟಲೆ ಸಾಲು. ಹೊಸ ಚಿಪ್ ಬಂದಾಗಲೆಲ್ಲ ಇನ್ನೊಂದು ಕಂತೆ ಸೇರುತ್ತದೆ. ಸಾಲು ಎಣಿಸಲೇಬೇಕು ಅಂದರೆ ಆ ಫೋಲ್ಡರ್ ಹೊರಗಿಟ್ಟು ಎಣಿಸಿ.

ಕಮಿಟ್ ಎಣಿಸುವಾಗ ಎಡವುವ ಜಾಗಗಳು ಇವು. ಮರ್ಜ್ ಕಮಿಟ್‌ಗಳನ್ನು (ಬೇರೆಯವರ ಕೋಡ್ ಸೇರಿಸಿಕೊಂಡ ದಾಖಲೆ) ಬಿಡಿ, ಇಲ್ಲದಿದ್ದರೆ ಮೇಂಟೇನರ್‌ಗಳ (ಕೋಡ್ ನೋಡಿಕೊಳ್ಳುವವರ) ಹೆಸರಿನ ಎಣಿಕೆ ಉಬ್ಬುತ್ತದೆ. ಗಿಟ್ ಲಾಗ್ ಫಾರ್ಮ್ಯಾಟ್‌ನಲ್ಲಿ ಲೇಖಕರ ಈಮೇಲ್‌ಗೆ ಸಣ್ಣ 'ಇ' ಕೊಟ್ಟರೆ ಕಮಿಟ್‌ನಲ್ಲಿದ್ದ ವಿಳಾಸವೇ ಬರುತ್ತದೆ. ದೊಡ್ಡ 'ಇ' ಕೊಟ್ಟರೆ ಮೇಲ್‌ಮ್ಯಾಪ್ ಫೈಲ್ ನೋಡಿ ಬದಲಾಯಿಸಿದ ವಿಳಾಸ ಬರುತ್ತದೆ. ನಿಮ್ಮ ಕೆಲಸಕ್ಕೆ ಸಣ್ಣದೇ ಸರಿ. ಕರ್ನಲ್‌ನ ಮೇಲ್‌ಮ್ಯಾಪ್‌ನಲ್ಲಿ ಎಷ್ಟೋ ಜನರ ಹಳೇ ಕಂಪನಿ ವಿಳಾಸವನ್ನು ಈಗಿನ ವಿಳಾಸಕ್ಕೆ ಜೋಡಿಸಿದ್ದಾರೆ. ಇಂಟೆಲ್‌ನಲ್ಲಿದ್ದಾಗ ಮಾಡಿದ ಕೆಲಸ ಸದ್ದಿಲ್ಲದೆ ಹೊಸ ಕಂಪನಿಯ ಖಾತೆಗೆ ಜಮಾ ಆಗಿಬಿಡುತ್ತದೆ.

ಒಂದೇ ಕಂಪನಿಗೆ ಹಲವು ಡೊಮೈನ್ ಇರುತ್ತವೆ: ಇಂಟೆಲ್ ಡಾಟ್ ಕಾಮ್, ಲಿನಕ್ಸ್ ಡಾಟ್ ಇಂಟೆಲ್ ಡಾಟ್ ಕಾಮ್, ಸೂಸೆಗೆ ಕಾಮ್, ಡಿಇ, ಸಿಝೆಡ್ ಮೂರೂ ಉಂಟು. 2019ರಲ್ಲಿ ಐಬಿಎಂ ರೆಡ್ ಹ್ಯಾಟನ್ನು 34 ಶತಕೋಟಿ ಡಾಲರ್‌ಗೆ ಕೊಂಡಿತು. ಆ ಎರಡನ್ನೂ ಕೂಡಿಸುತ್ತೀರೋ ಬೇರೆ ತೋರಿಸುತ್ತೀರೋ ಎಂದು ಕೋಷ್ಟಕದ ಕೆಳಗೆ ಬರೆದುಬಿಡಿ, ಆಮೇಲೆ ತಕರಾರು ಬೇಡ. ಜಿಮೇಲ್, ಕರ್ನಲ್ ಡಾಟ್ ಆರ್ಗ್ ವಿಳಾಸದವರಲ್ಲಿ ಸಂಬಳಕ್ಕೆ ಕೆಲಸ ಮಾಡುವವರೇ ಬೇಕಾದಷ್ಟು ಜನ. ಇದಕ್ಕೆ ಗಿಟ್‌ಡಿಎಂ ಅನ್ನೋ ಟೂಲ್ ಇದೆ. ಯಾವ ವಿಳಾಸದವರು ಯಾವ ತಾರೀಕಿನವರೆಗೆ ಯಾವ ಕಂಪನಿ ಎಂದು ಅದರ ಮ್ಯಾಪ್ ಫೈಲ್‌ನಲ್ಲಿ ಬರೆಯಬಹುದು. ಎಲ್‌ಡಬ್ಲ್ಯುಎನ್ ಸುದ್ದಿತಾಣ ಪ್ರತಿ ಕರ್ನಲ್ ಬಿಡುಗಡೆಗೆ ಹಾಕುವ ಕಂಪನಿವಾರು ಪಟ್ಟಿಯ ಜೊತೆ ನಿಮ್ಮದನ್ನು ತಾಳೆ ನೋಡಿ.

ಡೌನ್‌ಲೋಡ್ ಕಡಿಮೆ ಆಗಲಿ ಎಂದು ಬ್ಲಾಬ್ (ಫೈಲ್‌ಗಳ ಒಳವಸ್ತು) ಇಲ್ಲದ ಪಾರ್ಶಿಯಲ್ ಕ್ಲೋನ್ (ಅರೆ ನಕಲು) ಮಾಡಿದರೆ ಕಮಿಟ್ ಎಣಿಕೆ ಆರಾಮಾಗಿ ನಡೆಯುತ್ತದೆ. ಅದೇ ಕ್ಲೋನ್ ಮೇಲೆ ಸಾಲು ಎಣಿಸಹೊರಟರೆ ಗಿಟ್ ಬೇಕಾದ ಫೈಲ್‌ಗಳನ್ನೆಲ್ಲ ಆಗ ತರಿಸಲು ಶುರುಮಾಡುತ್ತದೆ, ಮುಗಿಯುವುದೇ ಇಲ್ಲ.

ಜವಾರಿ_ಜೋಳ

ಮ್ಯಾಲಿನ ಲೆಕ್ಕ ಬರೋಬ್ಬರಿ ಅದ, ಆದ್ರ ಅಷ್ಟರಿಂದ ಅರ್ಧಾನೂ ತಿಳಿಯಂಗಿಲ್ಲ. ಪ್ಯಾಚ್ (ಕೋಡ್ ತಿದ್ದುಪಡಿ) ಕಳಸವ್ರು ಭಾಳ ಮಂದಿ ಸಿಗ್ತಾರ್ರೀ, ಅದನ್ನ ಓದಿ ಸರಿ-ತಪ್ಪು ಹೇಳವ್ರು ಸಿಗೂದು ಕಠಿಣ. ಕಮಿಟ್‌ನ್ಯಾಗ ಬರೂ ರಿವ್ಯೂಡ್-ಬೈ (ಓದಿ ನೋಡಿದವರು), ಟೆಸ್ಟೆಡ್-ಬೈ (ಪರೀಕ್ಷೆ ಮಾಡಿದವರು) ಸಾಲಿನ್ಯಾಗಿನ ವಿಳಾಸ ಬ್ಯಾರೆ ಎಣಿಸ್ರಿ, ಪಟ್ಟಿ ತಿರುವುಮುರುವು ಆಗ್ತದ.

ಇನ್ನ ಕರ್ನಲ್‌ನ ಮೇಂಟೇನರ್ಸ್ ಫೈಲ್ ತಗದು ನೋಡ್ರಿ. ಒಂದೊಂದು ಭಾಗಕ್ಕ 'ಎಸ್' ಅಂತ ಒಂದು ಸಾಲು ಇರ್ತದ. ಸಪೋರ್ಟೆಡ್ ಅಂದ್ರ ಅದನ್ನ ನೋಡ್ಕೊಳ್ಳಾಕ ಯಾರಿಗೋ ಪಗಾರ ಸಿಗ್ತದ. ಮೇಂಟೇನ್ಡ್ ಅಂದ್ರ ನೋಡ್ಕೊಳ್ಳವ್ರು ಅದಾರ, ಪಗಾರದ ಮಾತಿಲ್ಲ. ಆಡ್ ಫಿಕ್ಸಸ್ ಅಂದ್ರ ಯಾವಾಗರೆ ಒಮ್ಮೆ ಕೈ ಹಾಕ್ತಾರ. ಆರ್ಫನ್ ಅಂದ್ರ ಕೇಳವ್ರಿಲ್ಲ. ನಿಮ್ಮ ಪ್ರಾಡಕ್ಟ್ ಬಳಸೂ ಡ್ರೈವರ್ ಹತ್ತೋ ಹದಿನೈದೋ ಇರಬಹುದು, ಅಷ್ಟಕ್ಕ ಈ ಸಾಲು ತಗದು ಇಡ್ರಿ. ಕುಬರ್ನೆಟಿಸ್‌ನ್ಯಾಗ ಇದರ ಬದಲಿ ಫೋಲ್ಡರ್‌ಗೊಂದು ಓನರ್ಸ್ ಫೈಲ್ ಇರ್ತದ, ಅಪ್ರೂವರ್ (ಒಪ್ಪಿಗೆ ಕೊಡವ್ರು) ಯಾರು ಅಂತ ಅಲ್ಲೇ ಗೊತ್ತಾಗ್ತದ.

ಮತ್ತೊಂದು, ನಮ್ಮ ಪುಣೇದವರಿಗೆ ತಾಕೂ ಮಾತು. ಸರ್ವಿಸ್ ಕಂಪನ್ಯಾಗ ಇದ್ದವರು ಕ್ಲೈಂಟ್ ಕೊಟ್ಟ ಈಮೇಲ್‌ಲಿಂದನ ಕಮಿಟ್ ಮಾಡೂದು ಇದ್ದದ್ದ. ಕೆಲಸ ಇಲ್ಲೀದು, ಹೆಸರು ಕ್ಲೈಂಟಿಂದು. ಡೊಮೈನ್ ಎಣಿಸಿದ್ರ ಅದು ಎಂದೂ ಕಾಣಂಗಿಲ್ಲ.

ಲೈಸೆನ್ಸ್_ಲಲಿತೆ

ನಾನಾದರೆ ಕೋಷ್ಟಕಕ್ಕೆ "ಇದು ಯಾರ ಪ್ರಾಜೆಕ್ಟ್" ಎಂಬ ಕಾಲಂ ಮೊದಲು ಸೇರಿಸುತ್ತೇನೆ. ಟೆನ್ಸರ್‌ಫ್ಲೋದಲ್ಲಿ ಅಸಂಖ್ಯ ಕಮಿಟ್‌ಗಳು 'ಎ. ಯೂನಿಕ್ ಟೆನ್ಸರ್‌ಫ್ಲೋವರ್' ಹೆಸರಿನಲ್ಲಿವೆ. ಅದು ವ್ಯಕ್ತಿಯಲ್ಲ, ಗೂಗಲ್ ತನ್ನ ಒಳಗಿನ ರೆಪೊಸಿಟರಿಯಿಂದ (ಕೋಡ್ ಸಂಗ್ರಹ) ಹೊರಗೆ ತಳ್ಳುವಾಗ ಬರುವ ಹೆಸರು. ಕಂಪನಿ ತನ್ನ ಉತ್ಪನ್ನಕ್ಕಾಗಿ ತಾನೇ ಬರೆಯುವ ಕೋಡ್ ಒಂದು. ಹತ್ತು ಕಂಪನಿ ಕೂಡಿ ನಡೆಸುವ ಕರ್ನಲ್‌ಗೆ ಕೊಡುವುದು ಇನ್ನೊಂದು. ಎರಡನ್ನೂ "ಕೊಡುಗೆ" ಅಂತ ಕೂಡಿಸಿದರೆ ಮೊತ್ತಕ್ಕೆ ಅರ್ಥವಿಲ್ಲ.

ಪ್ರಾಜೆಕ್ಟ್ ಎಷ್ಟು ಕಂಪನಿಗಳ ಮೇಲೆ ನಿಂತಿದೆ ಎಂದು ಅಳೆಯಲು, ಓಪನ್ ಸೋರ್ಸ್ ಸಮುದಾಯಗಳ ಅಳತೆ ರೂಪಿಸುವ ಕೇಯಾಸ್ ಪ್ರಾಜೆಕ್ಟ್‌ನವರ 'ಎಲಿಫೆಂಟ್ ಫ್ಯಾಕ್ಟರ್' ಇದೆ: ಅರ್ಧದಷ್ಟು ಕೊಡುಗೆ ತಲುಪಲು ಕನಿಷ್ಠ ಎಷ್ಟು ಕಂಪನಿ ಬೇಕು? ಉತ್ತರ 1 ಬಂದರೆ ಆ ಒಂದು ಕಂಪನಿ ಮನಸ್ಸು ಬದಲಿಸಿದ ದಿನ ನಿಮಗೆ ಕೆಲಸ ಬಿತ್ತು. ನಿಮ್ಮ ಪಟ್ಟಿಯ ರೆಡಿಸ್ ಅನ್ನೇ ನೋಡಿ. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿಯವರು ಬಿಎಸ್‌ಡಿ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟರು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ 7.2.4 ಆವೃತ್ತಿಯಿಂದ ವಾಲ್ಕೀ ಎಂಬ ಬೇರೆ ಪ್ರಾಜೆಕ್ಟ್ ಕವಲೊಡೆಯಿತು, ಅಮೆಜಾನ್, ಗೂಗಲ್, ಒರಾಕಲ್ ಜೊತೆಗೆ ನಿಂತವು. 2025ರಲ್ಲಿ ರೆಡಿಸ್ 8 ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನ ಆಯ್ಕೆಯನ್ನೂ ಕೊಟ್ಟಿತು. ಹಾಗಾಗಿ ನೀವು ರೆಡಿಸ್‌ನ ಯಾವ ಆವೃತ್ತಿಯಲ್ಲಿದ್ದೀರಿ ಎಂಬುದೂ ಕೋಷ್ಟಕದಲ್ಲಿರಲಿ.

ಮುಠಾದಂಡೆ

ಎಲ್ಲರಿಗೂ ಧನ್ಯವಾದ. ಗಿಟ್‌ನಲ್ಲಿ ಕಾಣದ ಕೊಡುಗೆಯನ್ನು ಹೇಗೆ ತೋರಿಸಲಿ? ಅವಧಿ ಎಷ್ಟು ಹಿಡಿಯಲಿ?

ಬಾಶ್‌ಬಸವ

ಸಂಖ್ಯೆ ಕೊಡಲು ಹೋಗಬೇಡಿ, ಷರಾ ಕಾಲಂನಲ್ಲಿ ಬರೆಯಿರಿ. 2024ರಲ್ಲಿ ಎಕ್ಸ್‌ಝೆಡ್ ಎಂಬ ಫೈಲ್ ಕುಗ್ಗಿಸುವ ಟೂಲ್‌ನಲ್ಲಿ (ಆವೃತ್ತಿ 5.6.0, 5.6.1) ಅಡಗಿಸಿದ್ದ ಹಿಂಬಾಗಿಲನ್ನು ಹಿಡಿದದ್ದು ಮೈಕ್ರೋಸಾಫ್ಟ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್, ಎಸ್‌ಎಸ್‌ಎಚ್ (ದೂರದ ಯಂತ್ರದ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾದದ್ದರ ಜಾಡು ಹಿಡಿದು ಹೋದರು. ಅದು ಹೊರಬಂದದ್ದು ಮೇಲಿಂಗ್ ಲಿಸ್ಟ್‌ನ ಒಂದು ಪತ್ರವಾಗಿ, ಕಮಿಟ್ ಎಣಿಕೆಗೆ ಅದು ಸೊನ್ನೆ. ದುಡ್ಡಿನ ನೆರವೂ ಹಾಗೇ: ಝೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ನ ಫ್ಲಾಸ್ (ಓಪನ್ ಸೋರ್ಸ್) ಫಂಡ್ ಶುರುಮಾಡಿತು, ಯಾವ ಗಿಟ್ ಲಾಗ್‌ನಲ್ಲೂ ಅದು ಬರುವುದಿಲ್ಲ.

ಅವಧಿಗೆ ತಾರೀಕು ಹಿಡಿಯಬೇಡಿ, ಬಿಡುಗಡೆಯ ಟ್ಯಾಗ್‌ನಿಂದ (ಆವೃತ್ತಿಯ ಗುರುತು) ಟ್ಯಾಗ್‌ಗೆ ಎಣಿಸಿ. ಕರ್ನಲ್ 9–10 ವಾರಕ್ಕೊಮ್ಮೆ ಬರುತ್ತದೆ, ಒಂದೇ ಬಿಡುಗಡೆಯಲ್ಲಿ ಯಾರೋ ಒಬ್ಬರ ದೊಡ್ಡ ಡ್ರೈವರ್ ಸೇರಿ ಕ್ರಮ ಏರುಪೇರಾಗುತ್ತದೆ. ಐದಾರು ಬಿಡುಗಡೆ ಕೂಡಿಸಿ ತೋರಿಸಿ.