ಸಾದಾ ಸಿಡಿಯಲ್ಲಿ 5.1 ಸದ್ದು: ಯಾರಾದರೂ ಮಾಡಿ ನೋಡಿದ್ದೀರಾ?

ಶಿರಸಿಯಿಂದ ಪ್ರಶ್ನೆ:

ಕಳೆದ ಮಳೆಗಾಲ ನಮ್ಮನೆ ಜಗಲಿಯಲ್ಲಿ ತಾಳಮದ್ದಳೆ ಆಯಿತು. ನಾಲ್ಕು ಚಾನೆಲ್ ರೆಕಾರ್ಡರನ್ನು ನಡುವೆ ಇಟ್ಟಿದ್ದೆ. ಎದುರಿಗೆ ಭಾಗವತರು, ಮದ್ದಳೆ. ಆಚೆ ಈಚೆ ಅರ್ಥಧಾರಿಗಳು. ಹಿಂದೆ ಕೇಳುವವರು, ಮೇಲೆ ಹೆಂಚಿಗೆ ಬೀಳುವ ಮಳೆ. ಇದನ್ನು ಅಪ್ಪಯ್ಯನಿಗೆ ಹಾಗೇ ಕೇಳಿಸಬೇಕು. ಅವರ ಹತ್ತಿರ ಹಳೇ ಡಿವಿಡಿ ಪ್ಲೇಯರ್, ಬೇರೆ ಆಂಪ್ಲಿಫೈಯರ್, ಐದು ಬಾಕ್ಸು, ಒಂದು ಸಬ್ ವೂಫರ್ ಇವೆ. ಆಂಪ್ಲಿಫೈಯರ್ ಮೇಲೆ ಡಿಟಿಎಸ್ ಎಂದು ಬರೆದಿದೆ. ಯುಎಸ್‌ಬಿ ತೂತು ಎಲ್ಲೂ ಇಲ್ಲ. ಮೊಬೈಲು ಅವರು ಮುಟ್ಟುವುದಿಲ್ಲ. ಸಾದಾ ಸಿಡಿಗೇ ಹಾಕಿಕೊಡಬಹುದಾ?

ಕಾರವಾರದಿಂದ:

ಆಗುತ್ತದೆ. ನಾನು ಮಾಡಿದ್ದೇನೆ, ಒಂದು ಬಾಕ್ಸನ್ನೂ ಸುಟ್ಟುಕೊಂಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಆಡಿಯೋ ಸಿಡಿ ಎಂದರೆ ಸೆಕೆಂಡಿಗೆ 44,100 ಸಲ ಅಳೆದ ಎರಡು ಚಾನೆಲ್, ಒಂದೊಂದು ಅಳತೆಗೆ 16 ಬಿಟ್. ಒಟ್ಟು ಸೆಕೆಂಡಿಗೆ 1411.2 ಕಿಲೋಬಿಟ್. 5.1 ಎಂದರೆ ಐದು ಬಾಕ್ಸು, ಒಂದು ಸಬ್ ವೂಫರ್; ಆ ಆರು ಚಾನೆಲ್ಲನ್ನು ಹಾಗೇ ತುಂಬಲು ಹೋದರೆ ಇದರ ಮೂರು ಪಟ್ಟು ಜಾಗ ಬೇಕು. ಅದಕ್ಕೇ ಆರನ್ನೂ ಡಿಟಿಎಸ್ ಎಂಬ, ಹಲವು ಚಾನೆಲ್ಲಿನ ಸದ್ದನ್ನು ಚಿಕ್ಕದಾಗಿಸುವ ವಿಧಾನದಲ್ಲಿ ಒತ್ತಿ 1234.8 ಕಿಲೋಬಿಟ್‌ಗೆ ಇಳಿಸುತ್ತಾರೆ. ಅದನ್ನು ಎರಡು ಚಾನೆಲ್ಲಿನ ವೇವ್ ಫೈಲಿನ ವೇಷ ಹಾಕಿಸಿ ಸಿಡಿಗೆ ಬರೆಯುತ್ತಾರೆ. ಪ್ಲೇಯರ್‌ಗೆ ಇದು ಮಾಮೂಲಿ ಹಾಡಿನ ಸಿಡಿ. ಒಳಗಿನ ಗುಟ್ಟು ಆಂಪ್ಲಿಫೈಯರ್‌ಗೆ ಮಾತ್ರ ಗೊತ್ತಾಗುತ್ತದೆ, ಅದೂ ಡಿಜಿಟಲ್ ವೈರಿನಲ್ಲಿ ಹೋದರೆ ಮಾತ್ರ. ಸಿಡಿಯ ಸಮಯ ಕಡಿಮೆಯಾಗುವುದಿಲ್ಲ, 74 ಅಥವಾ 80 ನಿಮಿಷವೇ. ಮೂರು ತಾಸಿನ ತಾಳಮದ್ದಳೆಗೆ ಮೂರು ಸಿಡಿ ಇಟ್ಟುಕೊಳ್ಳಿ.

ಈಗ ನನ್ನ ಕಥೆ. ಮೊದಲ ಸಿಡಿ ಮಾಡಿದ ಖುಷಿಯಲ್ಲಿ ಹಾಲ್‌ನಲ್ಲಿದ್ದ ಹಳೇ ಡೆಕ್ಕಿಗೆ ಹಾಕಿದೆ. ಕೆಂಪು ಬಿಳಿ ವೈರಿನ ಡೆಕ್ಕು, ಡಿಜಿಟಲ್ ಅಲ್ಲ. ವಾಲ್ಯೂಮ್ ಮೊದಲೇ ಜಾಸ್ತಿ ಇತ್ತು. ಮಳೆಗಾಲದ ಮಾಗೋಡು ಜಲಪಾತದ ಬುಡದಲ್ಲಿ ನಿಂತ ಹಾಗೆ ಬುಸ್ಸ್ ಎಂದಿತು. ಓಡಿ ಹೋಗಿ ಆಫ್ ಮಾಡುವಷ್ಟರಲ್ಲಿ ಒಂದು ಬಾಕ್ಸಿನ ಟ್ವೀಟರ್ (ಕೀಚಲು ಸದ್ದಿನ ಚಿಕ್ಕ ಸ್ಪೀಕರ್) ಹೋಗಿತ್ತು. ಒತ್ತಿದ ಡೇಟಾವನ್ನು ಸದ್ದು ಎಂದು ಬಾರಿಸಿದರೆ ಬರುವುದು ಇದೇ. ಸಿಡಿ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಡಿ: ಕಾರಿಗೆ ಹಾಕಬೇಡಿ.

ಎರಡನೇ ಸಿಡಿ ಆಂಪ್ಲಿಫೈಯರ್‌ನಲ್ಲೂ ಬುಸ್ಸ್ ಎಂದಿತು. ಎರಡು ದಿನ ತಲೆ ಕೆಡಿಸಿಕೊಂಡೆ. ಸಿಡಿ ರೈಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ 'ನಾರ್ಮಲೈಸ್' ಟಿಕ್ ಆಗಿತ್ತು! ಅದು ವಾಲ್ಯೂಮ್ ಸಮ ಮಾಡುವ ಉಪಕಾರ ಮಾಡಲು ಹೋಗಿ ಒಳಗಿನ ಬಿಟ್ಟುಗಳನ್ನೇ ಬದಲಿಸಿಬಿಟ್ಟಿತ್ತು. ಒಂದು ಬಿಟ್ಟೂ ಅಲ್ಲಾಡಬಾರದು. ನಿಮ್ಮ ರೆಕಾರ್ಡಿಂಗ್ 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಅಳತೆಯಲ್ಲಿ ಇರಬಹುದು. ಅದನ್ನು ಡಿಟಿಎಸ್ ಮಾಡುವ ಮೊದಲೇ 44.1ಕ್ಕೆ ಇಳಿಸಿ. ಆಮೇಲೆ ಇಳಿಸಿದರೆ ಮತ್ತೆ ಮಾಗೋಡು.

ಡಿವಿಡಿ ಪ್ಲೇಯರ್ ಸೆಟಪ್‌ನಲ್ಲಿ ಡಿಜಿಟಲ್ ಔಟ್ ಅನ್ನು 'ಪಿಸಿಎಂ' (ಒತ್ತದ ಸಾದಾ ಸದ್ದು) ಬಿಟ್ಟು 'ರಾ' ಅಥವಾ 'ಬಿಟ್‌ಸ್ಟ್ರೀಮ್' ಮಾಡಿ. ಡಿಜಿಟಲ್ ಔಟ್‌ನ ಕೋಆಕ್ಸಿಯಲ್ ವೈರ್ ಸಿಗದಿದ್ದರೆ ವೀಡಿಯೋದ ಹಳದಿ ವೈರ್ ಸಾಕು, ಎರಡೂ 75 ಓಮ್‌ನವೇ. ನಮ್ಮ ಕಡೆ ಉಪ್ಪು ಗಾಳಿಗೆ ಪಿನ್ನು ಕಿಲುಬು ಹಿಡಿಯುತ್ತದೆ, ಮೊದಲು ಒರೆಸಿ.

ಕುಮಟಾದಿಂದ:

ಇಷ್ಟೆಲ್ಲ ಯಾಕೆ ಮಾರಾಯ್ರೇ? ಡಾಲ್ಬಿ ಪ್ರೋ ಲಾಜಿಕ್ 2 ಮಾಡಿ. ಹಿಂದಿನ ಚಾನೆಲ್ಲುಗಳನ್ನು ಫೇಸ್ (ಸದ್ದಿನ ಅಲೆಯ ಏರಿಳಿತ) ತಿರುಗಿಸಿ ಎರಡು ಚಾನೆಲ್ಲಿನೊಳಗೇ ಬೆರೆಸುತ್ತಾರೆ. ಕಾರಿನಲ್ಲೂ ಹಾಡುತ್ತದೆ, ಬಾಕ್ಸು ಸುಡುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನಲ್ಲೇ ಬರುತ್ತದೆ. ಮುಂದಿನ ಸದ್ದು ಹಿಂದಕ್ಕೆ ಸ್ವಲ್ಪ ಸೋರುತ್ತದೆ, ಅಷ್ಟೇ.

ಕಾರವಾರದಿಂದ:

ಸೋರುವುದೇ ಇಲ್ಲಿ ತೊಂದರೆ ಅಲ್ವಾ? ಎರಡೂ ಕಡೆ ಅರ್ಥಧಾರಿಗಳು ವಾದಕ್ಕೆ ಕೂತಾಗ ಮಾತು ಒಂದರೊಳಗೊಂದು ಕಲಸಿದರೆ ಏನು ಚಂದ? ಆಂಪ್ಲಿಫೈಯರ್‌ನಲ್ಲಿ ಡಿಟಿಎಸ್ ಇಲ್ಲದವರಿಗೆ ಮಾತ್ರ ಕುಮಟಾದವರ ದಾರಿ ಸರಿ.

ಹೊನ್ನಾವರದಿಂದ:

ನಾನು ಬಳಸಿದ್ದೂ ಎಫ್‌ಎಫ್‌ಎಂಪೆಗ್. ಅದರ ಡಿಟಿಎಸ್ ಎನ್‌ಕೋಡರ್ (ಒತ್ತಿಕೊಡುವ ಭಾಗ) ಇನ್ನೂ 'ಪ್ರಯೋಗದ್ದು' ಎಂಬ ಹಣೆಪಟ್ಟಿಯಲ್ಲಿದೆ. ಬೇರೆಯಾಗಿ ಅನುಮತಿ ಕೊಟ್ಟರೆ ಮಾತ್ರ ಓಡುತ್ತದೆ. ಅದಕ್ಕೆ ಕೊಡುವ ವೇವ್ ಫೈಲಿನಲ್ಲಿ ಚಾನೆಲ್ ಕ್ರಮ ತಪ್ಪಬೇಡಿ: ಮುಂದಿನ ಎಡ, ಮುಂದಿನ ಬಲ, ಮಧ್ಯ, ಸಬ್ ವೂಫರ್, ಹಿಂದಿನ ಎಡ, ಹಿಂದಿನ ಬಲ. ನಾನು ಒಮ್ಮೆ ಅದಲು ಬದಲು ಮಾಡಿ ಭಾಗವತರನ್ನು ಸಬ್ ವೂಫರಿಗೆ ಕಳಿಸಿದ್ದೆ. ನಿಮ್ಮದು ನಾಲ್ಕೇ ಚಾನೆಲ್, ಹಾಗಾಗಿ ಮಧ್ಯ ಮತ್ತು ಸಬ್ ವೂಫರ್ ಖಾಲಿ ಬಿಡಿ. ಸುಮ್ನೆ ತುಂಬಬೇಡಿ.

ಟ್ರ್ಯಾಕ್‌ಗಳ ನಡುವೆ ಎರಡು ಸೆಕೆಂಡು ಖಾಲಿ ಬಿಡುವ ಆಯ್ಕೆ ತೆಗೆಯಿರಿ. ಖಾಲಿ ಬಂದಾಗಲೆಲ್ಲ ಆಂಪ್ಲಿಫೈಯರ್ ಹಿಡಿತ ಬಿಟ್ಟು ಮತ್ತೆ ಹುಡುಕುತ್ತದೆ, ಪದ್ಯದ ಮೊದಲ ಅಕ್ಷರ ನುಂಗುತ್ತದೆ. ಇಡೀ ಸಿಡಿ ಒಂದೇ ಉಸಿರಿಗೆ ರೈಟ್ ಮಾಡಿ.

ಶಿರಸಿಯಿಂದ, ಎರಡು ವಾರದ ಮೇಲೆ:

ಆಯಿತು! ಎರಡು ಸಲ ಕೆಟ್ಟಿತು. ಒಂದು ಸಲ ರೈಟ್ ಆಗುವಾಗ ಕರೆಂಟು ಹೋಯಿತು, ಇನ್ನೊಂದು ಸಲ ಪಿಸಿಎಂ ಬದಲಿಸಲು ಮರೆತೆ. ಮೂರನೇ ಸಲಕ್ಕೆ ಆಂಪ್ಲಿಫೈಯರ್‌ನಲ್ಲಿ ಡಿಟಿಎಸ್ ದೀಪ ಹತ್ತಿತು. ಹೊನ್ನಾವರದವರು ಹೇಳಿದಂತೆ ಮಧ್ಯ ಖಾಲಿ ಬಿಟ್ಟೆ, ಏನೂ ಕೊರತೆ ಅನಿಸಲಿಲ್ಲ.

ಹಿಂದಿನ ಬಾಕ್ಸು ಸ್ವಲ್ಪ ಜೋರಾಯಿತು. ಅರ್ಥದ ನಡುವೆ ಯಾರೋ ಕೆಮ್ಮಿದರು. ಅಪ್ಪಯ್ಯ ಕುರ್ಚಿಯಲ್ಲೇ ತಿರುಗಿ ನೋಡಿ, "ನಮ್ಮ ಭಾವ ಅಲ್ಲವಾ ಇದು?" ಎಂದರು. ಹಿಂದಿನದು ಮೂರು ಡೆಸಿಬಲ್ ಇಳಿಸಬೇಕು ಎಂದೆ. ಬೇಡ, ಹಾಗೇ ಇರಲಿ ಎಂದರು. ಉಳಿದ ಎರಡು ಸಿಡಿಯನ್ನು ಈ ವಾರ ರೈಟ್ ಮಾಡುತ್ತೇನೆ, ಕರೆಂಟು ಇದ್ದರೆ.